ಹಳೆಯ ಸೀಸೆಯೊಂದರ ಸಾಕ್ಷ್ಯ

ಮಗಳ ಕೈಹಿಡಿದ ಅಳಿಯನಿಗೆ ಮಾವನಾದವನು ಏನನ್ನು ಕೊಡಬೇಕು? ಈ ಪ್ರಶ್ನೆಗೆ ನಮ್ಮ ಸಮಾಜವು ಕಂಡುಕೊಂಡಿರುವ ಉತ್ತರಗಳು ಚಿನ್ನ, ನಗದು, ವಾಹನ, ನಿವೇಶನ. ಇವು ಎಷ್ಟು ಮನೆಗಳ ನೆಮ್ಮದಿಯನ್ನು ಕೆಡಿಸಿವೆಯೆಂಬುದು ಓದುಗರು ಅರಿಯದ ಸಂಗತಿಯೇನಲ್ಲ. ಫ್ರಾನ್ಸ್ ದೇಶದ ದಕ್ಷಿಣ ಕರಾವಳಿಯಲ್ಲಿ ಸುಮಾರು ತೊಂಬತ್ತು ವರ್ಷಗಳ ಹಿಂದೆ ಮಾವನೊಬ್ಬನು ತನ್ನ ಅಳಿಯನ ಮುಂದೆ, ಊಟದ ಮೇಜಿನ ಮೇಲೆ, ಒಂದು ಹಳೆಯ ಸೀಸೆ ಕೆಂಪು ದ್ರಾಕ್ಷಾರಸವನ್ನು ತಂದಿಟ್ಟನು. ಆ ಸೀಸೆ ಬರಿದಾಗಲು ಒಂದು ಹೊತ್ತಿನ ಊಟ ಸಾಕಾಯಿತು. ಆದರೆ ಅದು ಅಳಿಯನ ಮನಸ್ಸಿನಲ್ಲಿ ಎಬ್ಬಿಸಿದ ಪ್ರಶ್ನೆಗೆ ಉತ್ತರ ದೊರಕಿಸಲು ಒಂದು ಜೀವಮಾನವೇ ಹಿಡಿಯಿತು.

ಆ ಮನೆತನದ ಹೆಸರು ತಾಂಪಿಯೆ. ತೋಟದ ಹೆಸರು ದೊಮೇನ್ ತಾಂಪಿಯೆ, ಎಂದರೆ ತಾಂಪಿಯೆಯವರ ಜಮೀನು. ಮಾರ್ಸೇಯ್ ಮತ್ತು ತುಲೋನ್ ಎಂಬ ಎರಡು ದೊಡ್ಡ ಬಂದರು ನಗರಗಳ ನಡುವೆ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿ, ಬಾಂದೋಲ್ ಎಂಬ ಪುಟ್ಟ ಬಂದರು ಊರಿದೆ. ಅದರ ಹಿಂದಿನ ಬೆಟ್ಟಗಳ ಮಡಿಲಲ್ಲಿ, ಲೆ ಕಾಸ್ತಲೆ ಎಂಬ ಗ್ರಾಮದ ಬಯಲಿನಲ್ಲಿ, ಈ ಕುಟುಂಬದ ಮನೆಯೂ ನೆಲಮಾಳಿಗೆಯೂ ಇವೆ. ಕಂಪನಿಗಳ ಸಾವಿರಾರು ಎಕರೆ ತೋಟಗಳ ಸಾಲಿಗೆ ಸೇರುವಂಥದ್ದಲ್ಲ ಇದು. ಒಂದು ಸಂಸಾರ ಕಣ್ಣಳತೆಯಲ್ಲಿ ನೋಡಿಕೊಳ್ಳಬಲ್ಲ ತೋಟ. ಆದರೂ ಇಲ್ಲಿನ ಕೆಂಪು ದ್ರಾಕ್ಷಾರಸವನ್ನು ಬಲ್ಲವರು ಗೌರವದಿಂದ ಹೆಸರಿಸುತ್ತಾರೆ. ಆ ಗೌರವ ಬಂದ ದಾರಿಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಅವಲೋಕಿಸೋಣ. ಅದು ಮದ್ಯದ ಕಥೆಗಿಂತ ಹೆಚ್ಚಾಗಿ ಪಿತ್ರಾರ್ಜಿತದ ಕಥೆ.

ನೆಲ ಮತ್ತು ಬಳ್ಳಿ

ಕ್ರಿಸ್ತಪೂರ್ವ 600ರ ಸುಮಾರಿಗೆ ಗ್ರೀಕ್ ನಾವಿಕರು ಮಾರ್ಸೇಯ್ ನಗರವನ್ನು ಸ್ಥಾಪಿಸಿದರು. ಅವರೊಡನೆ ದ್ರಾಕ್ಷಿ ಕೃಷಿಯೂ ಈ ಕರಾವಳಿಗೆ ಬಂದಿತು. ಅವರ ತರುವಾಯ ರೋಮನ್ನರು ಅದನ್ನು ಬೆಳೆಸಿದರು. ಬೆಟ್ಟದ ಇಳಿಜಾರನ್ನು ಕಡಿದು, ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಜೋಡಿಸಿ, ಮೆಟ್ಟಿಲು ಮೆಟ್ಟಿಲಾಗಿ ಮಣ್ಣನ್ನು ತಡೆದು ನಿಲ್ಲಿಸಿದ ಅಲ್ಲಿನ ಪಾತಿಗಳು ಮಲೆನಾಡಿನ ಗದ್ದೆಯ ಅಂಚುಗಳನ್ನು ನೆನಪಿಗೆ ತರುತ್ತವೆ. ಮಳೆ ಬಂದು ಗೋಡೆ ಕುಸಿದಾಗ ಅದನ್ನು ಕೈಯಿಂದಲೇ ಮತ್ತೆ ಕಟ್ಟಬೇಕು. ಮಣ್ಣು ಸುಣ್ಣಕಲ್ಲಿನದು, ಬಿಸಿಲು ಪ್ರಖರ, ಮಳೆ ಕಡಿಮೆ. ಉತ್ತರದಿಂದ ಬೀಸುವ ಮಿಸ್ತ್ರಾಲ್ ಎಂಬ ಒಣಗಾಳಿ ಎಲೆಗಳ ತೇವವನ್ನು ಆರಿಸಿ ಬೂಷ್ಟು ರೋಗವನ್ನು ದೂರವಿಡುತ್ತದೆ. ದಕ್ಷಿಣದ ಕಡಲಗಾಳಿ ಬೇಗೆಯನ್ನು ತಗ್ಗಿಸುತ್ತದೆ.

ಈ ನೆಲಕ್ಕೆ ಒಪ್ಪಿದ ಬಳ್ಳಿಯ ಹೆಸರು ಮೂರ್ವೆದ್ರ. ಸ್ಪೇನ್ ದೇಶದ ಮೂಲದ್ದು. ವಸಂತದಲ್ಲಿ ತಡವಾಗಿ ಚಿಗುರುತ್ತದೆ, ಬೇರೆ ತಳಿಗಳೆಲ್ಲ ಕೊಯ್ಲಾದ ಮೇಲೆ ತಡವಾಗಿ ಹಣ್ಣಾಗುತ್ತದೆ. ಅದರ ಕಾಳು ಚಿಕ್ಕದು, ಸಿಪ್ಪೆ ದಪ್ಪ, ಇಳುವರಿ ಅಲ್ಪ. ತಲೆಗೆ ಬಿಸಿಲು ಬೇಕು, ಕಾಲಿಗೆ ತಂಪು ಬೇಕು, ಕಣ್ಣಿಗೆ ಸಮುದ್ರ ಕಾಣಬೇಕು ಎಂದು ಅಲ್ಲಿನ ರೈತರು ಈ ಬಳ್ಳಿಯ ಬಗ್ಗೆ ವಿನೋದವಾಗಿ ಹೇಳುವುದುಂಟು. ಇಷ್ಟೆಲ್ಲ ಉಪಚಾರ ಬೇಡುವ ಬಳ್ಳಿಯನ್ನು ಯಾರು ತಾನೆ ಇಷ್ಟಪಟ್ಟಾರು? ಆದರೆ ಅದರ ರಸಕ್ಕೆ ಒಂದು ಗುಣವಿತ್ತು. ಹೊಸದರಲ್ಲಿ ಒಗರೊಗರಾಗಿ, ಮುನಿಸಿಕೊಂಡಂತೆ ಇರುತ್ತಿದ್ದ ಅದು ವರ್ಷಗಳು ಕಳೆದಂತೆ ಮೆತ್ತಗಾಗಿ ಆಳವನ್ನು ಪಡೆಯುತ್ತಿತ್ತು. ಹಡಗಿನಲ್ಲಿ ದೀರ್ಘ ಪಯಣ ಮಾಡಿದರೂ ಕೆಡುತ್ತಿರಲಿಲ್ಲ. ಹಿಂದಿನ ಕಾಲದಲ್ಲಿ ಬಾಂದೋಲ್ ಬಂದರಿನಿಂದ ಹೊರಡುತ್ತಿದ್ದ ಪೀಪಾಯಿಗಳ ಮೇಲೆ ಊರಿನ ಹೆಸರಿನ ಮೊದಲಕ್ಷರವನ್ನು ಕಾದ ಕಬ್ಬಿಣದಿಂದ ಒತ್ತುತ್ತಿದ್ದರು. ಆ ಮುದ್ರೆಗೆ ದೂರದ ಬಂದರುಗಳಲ್ಲಿಯೂ ಮರ್ಯಾದೆಯಿತ್ತು. ತಾಂಪಿಯೆ ಕುಟುಂಬದ ದ್ರಾಕ್ಷಾರಸಕ್ಕೆ 1885ರಲ್ಲಿ ಚಿನ್ನದ ಪದಕವೂ ಲಭಿಸಿತ್ತು.

ಬೇರನ್ನು ತಿಂದ ಹೇನು

ಆದರೆ ಆ ಹೊತ್ತಿಗಾಗಲೇ ಫ್ರಾನ್ಸಿನ ದ್ರಾಕ್ಷಿತೋಟಗಳ ಮೇಲೆ ಮಹಾವಿಪತ್ತು ಎರಗಿತ್ತು. ಅಮೆರಿಕದಿಂದ ತರಿಸಿದ ಗಿಡಗಳೊಡನೆ ಹಡಗಿನಲ್ಲಿ ಬಂದಿಳಿದ ಫಿಲಾಕ್ಸೆರಾ ಎಂಬ, ಕಣ್ಣಿಗೆ ಕಾಣುವುದೇ ಕಷ್ಟವೆನಿಸುವಷ್ಟು ಸಣ್ಣ ಹೇನು ಬಳ್ಳಿಗಳ ಬೇರಿಗೆ ಹತ್ತಿಕೊಂಡಿತು. 1863ರ ಸುಮಾರಿಗೆ ರೋನ್ ನದಿಯ ಕೆಳಪಾತ್ರದಲ್ಲಿ ಬಳ್ಳಿಗಳು ಕಾರಣವಿಲ್ಲದೆ ಒಣಗತೊಡಗಿದವು. 1868ರಲ್ಲಿ ಮೋಂಪೆಲಿಯೆ ನಗರದ ಸಸ್ಯವಿಜ್ಞಾನಿ ಪ್ಲಾಂಶೋನ್ ಮತ್ತು ಅವರ ಜೊತೆಗಾರರು ಆ ಹೇನನ್ನು ಬೇರಿನ ಮೇಲೆ ಪತ್ತೆಹಚ್ಚಿದರು. ಸತ್ತ ಬಳ್ಳಿಯನ್ನು ಕಿತ್ತು ನೋಡಿದವರಿಗೆ ಅದು ಸಿಗುತ್ತಿರಲಿಲ್ಲ, ಏಕೆಂದರೆ ಬೇರು ಸತ್ತೊಡನೆ ಅದು ಪಕ್ಕದ ಜೀವಂತ ಬಳ್ಳಿಗೆ ಹೋಗಿಬಿಡುತ್ತಿತ್ತು. ಸಾಯುತ್ತಿರುವ ಬಳ್ಳಿಯ ಪಕ್ಕದಲ್ಲಿರುವ ಹಸಿರು ಬಳ್ಳಿಯನ್ನು ಅಗೆದಾಗ ಮಾತ್ರ ರೋಗದ ಮೂಲ ಕಾಣಿಸಿತು. ಈ ವಿವರದಲ್ಲಿ ಕುಟುಂಬಗಳಿಗೂ ಒಂದು ಪಾಠವುಂಟು ಎಂದು ನನಗೆ ತೋರುತ್ತದೆ.

1875ರಲ್ಲಿ ಫ್ರಾನ್ಸ್ 840 ಕೋಟಿ ಲೀಟರಿಗೂ ಹೆಚ್ಚು ದ್ರಾಕ್ಷಾರಸವನ್ನು ಉತ್ಪಾದಿಸಿತ್ತು. 1889ರ ವೇಳೆಗೆ ಅದು ಸುಮಾರು 230 ಕೋಟಿ ಲೀಟರಿಗೆ ಇಳಿಯಿತು. ಮದ್ದು ಕಂಡುಹಿಡಿದವರಿಗೆ ಸರ್ಕಾರ ಘೋಷಿಸಿದ 3 ಲಕ್ಷ ಫ್ರಾಂಕ್ ಬಹುಮಾನವನ್ನು ಯಾರೂ ಪಡೆಯಲಿಲ್ಲ. ಗಂಧಕ, ರಾಸಾಯನಿಕಗಳು, ತೋಟಕ್ಕೆ ನೀರು ಕಟ್ಟಿ ಮುಳುಗಿಸುವುದು ಎಲ್ಲವನ್ನೂ ಪ್ರಯತ್ನಿಸಿದ ಮೇಲೆ ಕಡೆಗೆ ಫಲಿಸಿದ್ದು ಒಂದೇ ಉಪಾಯ. ಹೇನು ಯಾವ ದೇಶದಿಂದ ಬಂದಿತೋ ಆ ದೇಶದ ಕಾಡುಬಳ್ಳಿಯ ಬೇರಿಗೆ ಹೇನನ್ನು ತಾಳಿಕೊಳ್ಳುವ ಶಕ್ತಿಯಿತ್ತು. ಆ ಬೇರಿನ ಮೇಲೆ ಯೂರೋಪಿನ ದ್ರಾಕ್ಷಿಯ ಕಡ್ಡಿಯನ್ನು ಕಸಿ ಮಾಡಿದರೆ ಕೆಳಗೆ ಪರದೇಶದ ಬಲ, ಮೇಲೆ ಸ್ವದೇಶದ ಹಣ್ಣು. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಈ ವಿದ್ಯೆ ಅಪರಿಚಿತವಲ್ಲ. ಬರವನ್ನೂ ಉಪ್ಪುನೀರನ್ನೂ ತಡೆದುಕೊಳ್ಳಲೆಂದು ಅವರು ನೆಡುವ ಡಾಗ್ರಿಡ್ಜ್ ಬೇರುಗಿಡವೂ ಅಮೆರಿಕದ ಕಾಡುಬಳ್ಳಿಯ ಸಂತತಿಯೇ.

ಹೀಗೆ ಫ್ರಾನ್ಸಿನ ತೋಟಗಳು ಮತ್ತೆ ಹಸಿರಾದವು. ಆದರೆ ಬಾಂದೋಲಿನಲ್ಲಿ ಒಂದು ನಷ್ಟ ಉಳಿಯಿತು. ಮೂರ್ವೆದ್ರ ತಳಿಯು ಅಮೆರಿಕದ ಬೇರಿಗೆ ಸುಲಭವಾಗಿ ಕೂಡಿಕೊಳ್ಳಲಿಲ್ಲ. ಹತ್ತು ಕಸಿ ಮಾಡಿದರೆ ಹಲವು ಸತ್ತವು. ಸಾಲದಲ್ಲಿ ಮುಳುಗಿದ್ದ ರೈತನಿಗೆ ಕಾಯುವ ಚೈತನ್ಯ ಎಲ್ಲಿಂದ ಬರಬೇಕು? ಬೇಗ ಚಿಗುರುವ, ಹೇರಳವಾಗಿ ಕಾಯುವ, ಅಗ್ಗದ ರಸ ಕೊಡುವ ತಳಿಗಳನ್ನು ನೆಟ್ಟರು. ಪೀಪಾಯಿಗಳು ತುಂಬಿದವು. ಹೆಸರು ಖಾಲಿಯಾಯಿತು. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಮೂರ್ವೆದ್ರ ಬಳ್ಳಿ ಅಲ್ಲಲ್ಲಿ ಹರಡಿದ ಕೆಲವು ಮೂಲೆಗಳಲ್ಲಿ ಮಾತ್ರ ಉಳಿದುಕೊಂಡಿತು. ತಮ್ಮ ಅಜ್ಜಂದಿರ ದ್ರಾಕ್ಷಾರಸ ಹೇಗಿತ್ತೆಂದು ಹೇಳಬಲ್ಲವರೂ ವಿರಳರಾದರು. ಮರೆವು ನಿಜವಾಗಿಯೂ ಪೂರ್ಣವಾಗುವುದು ಹೀಗೆಯೇ. ವಸ್ತು ಹೋಗುತ್ತದೆ, ಅದರ ನಂತರ ಅದು ಇತ್ತೆಂಬ ಅರಿವೂ ಹೋಗುತ್ತದೆ.

ಅಳಿಯನ ನಿರ್ಧಾರ

ಲೂಸಿ ತಾಂಪಿಯೆ ಜನಿಸಿದ್ದು 1917ರಲ್ಲಿ. ಎಲ್ಲರೂ ಆಕೆಯನ್ನು ಲುಲು ಎಂದೇ ಕರೆಯುತ್ತಿದ್ದರು. ಆಕೆಯ ತಂದೆ ಆಲ್ಫೋನ್ಸ್ ತಾಂಪಿಯೆ ಮಾರ್ಸೇಯ್ ನಗರದಲ್ಲಿ ಚರ್ಮದ ವ್ಯಾಪಾರಿ. ಪೂರ್ವಜರಿಂದ ಬಂದ ತೋಟ ಅವರಿಗೆ ಜೀವನೋಪಾಯವಾಗಿರಲಿಲ್ಲ. 1936ರಲ್ಲಿ ಲುಲು ವಿವಾಹವಾದದ್ದು ಲೂಸಿಯೆನ್ ಪೆರೋ ಎಂಬ ಯುವಕನನ್ನು. ಆತ ಬಾಂದೋಲಿನವನಲ್ಲ, ದ್ರಾಕ್ಷಿ ಬೆಳೆಗಾರರ ಮನೆತನದವನೂ ಅಲ್ಲ. ಆದರೆ ಕೃಷಿಯನ್ನು ಓದಿದ್ದವನು, ಮಣ್ಣನ್ನು ಪ್ರೀತಿಸಿದವನು. ಆ ಅಳಿಯನಿಗೆ ಮಾವನು ಒಮ್ಮೆ ನೆಲಮಾಳಿಗೆಯಲ್ಲಿ ಉಳಿದಿದ್ದ ಹಳೆಯ ಸೀಸೆಯನ್ನು ತೆರೆದು ಬಡಿಸಿದನು. ಅದು ಫಿಲಾಕ್ಸೆರಾ ಬರುವುದಕ್ಕೆ ಮುಂಚಿನ ಬಳ್ಳಿಗಳ ರಸ, ತಾಂಪಿಯೆ ತೋಟದ್ದೇ.

ತಾನು ಕಾಣುತ್ತಿದ್ದ ತೋಟದಿಂದ ಇಂಥ ರಸ ಬರಲು ಸಾಧ್ಯವೇ ಇಲ್ಲವೆಂದು ಲೂಸಿಯೆನ್ ಬಲ್ಲನು. ಮಣ್ಣು ಅದೇ, ಬಿಸಿಲು ಅದೇ, ಸಮುದ್ರವೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅವನು ಊರಿನ ಹಿರಿಯರನ್ನು ವಿಚಾರಿಸಿದನು, ಹಳೆಯ ದಾಖಲೆಗಳನ್ನು ಹುಡುಕಿದನು. ಎಲ್ಲ ದಾರಿಗಳೂ ಒಂದೇ ಹೆಸರಿಗೆ ಬಂದು ನಿಂತವು: ಮೂರ್ವೆದ್ರ.

ತತ್ತ್ವಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೂ ಅರಿಸ್ಟಾಟಲನ ಒಂದು ವಿವೇಚನೆಯನ್ನು ಕಲಿಸಲಾಗುತ್ತದೆ. ಬೀಜದಲ್ಲಿ ಮರವು ಶಕ್ಯತೆಯಾಗಿ ಇದೆ, ವಾಸ್ತವವಾಗಿ ಇಲ್ಲ. ಶಕ್ಯವಾದದ್ದು ತಾನೇ ತಾನಾಗಿ ವಾಸ್ತವವಾಗದು, ಈಗಾಗಲೇ ವಾಸ್ತವವಾಗಿರುವ ಇನ್ನೊಂದು ಅದನ್ನು ಎಬ್ಬಿಸಬೇಕು. ಬಾಂದೋಲಿನ ಮಣ್ಣಿನಲ್ಲಿ ಆ ಗುಣ ಐವತ್ತು ವರ್ಷಗಳಿಂದ ನಿದ್ರಿಸುತ್ತಿತ್ತು. ಅದನ್ನು ಎಬ್ಬಿಸಿದ ವಾಸ್ತವ ವಸ್ತುವೆಂದರೆ ಆ ಒಂದು ಸೀಸೆ. ಅದು ಇಲ್ಲದಿದ್ದರೆ ಲೂಸಿಯೆನ್‌ಗೆ ಮಣ್ಣು ಸಿಗುತ್ತಿತ್ತು. ಆ ಮಣ್ಣು ಏನಾಗಬಲ್ಲುದೆಂಬ ತಿಳಿವು ಸಿಗುತ್ತಿರಲಿಲ್ಲ.

1940ರಲ್ಲಿ ಮಾವನು ತೋಟವನ್ನು ದಂಪತಿಗಳ ಕೈಗೊಪ್ಪಿಸಿದನು. ಯುದ್ಧದ ವರ್ಷ ಅದು. ಫ್ರಾನ್ಸ್ ಸೋತು ಶರಣಾಗಿತ್ತು, ಊಟದ ಸಾಮಗ್ರಿಗೂ ಪಡಿತರವಿತ್ತು. ಇಂಥ ಕಾಲದಲ್ಲಿ ಲೂಸಿಯೆನ್ ಬೇಗ ಹಣ ತರುವ ಬಳ್ಳಿಗಳನ್ನು ಕಿತ್ತು, ತಡವಾಗಿ ಸ್ವಲ್ಪವೇ ಕಾಯುವ ಬಳ್ಳಿಯನ್ನು ನೆಡತೊಡಗಿದನು. ಹೊಸದಾಗಿ ನೆಟ್ಟ ಬಳ್ಳಿ ಮೂರು ನಾಲ್ಕು ವರ್ಷಗಳಿಗೆ ಹಣ್ಣು ಕೊಟ್ಟರೂ ಗಂಭೀರವಾದ ಕೆಂಪು ದ್ರಾಕ್ಷಾರಸಕ್ಕೆ ಅದು ಇನ್ನೂ ಎಳೆಯದು. ಮನೆಯಲ್ಲಿ ಒಂದರ ಹಿಂದೊಂದು ಮಕ್ಕಳು, ಒಟ್ಟು ಏಳು ಮಂದಿ. ಏಳು ಬಾಯಿಗಳಿಗೆ ಅನ್ನ ಹಾಕಬೇಕಾದ ತಂದೆಯೊಬ್ಬನು ಮಾಡಿದ ಈ ಆಯ್ಕೆಯನ್ನು ನೆರೆಯವರು ಬುದ್ಧಿವಂತಿಕೆಯೆಂದು ಕರೆಯುವುದು ಕಷ್ಟವೇ ಸರಿ.

ಅವನು ಒಬ್ಬಂಟಿಯಾಗಿ ಮುಂದುವರಿಯಲಿಲ್ಲ ಎಂಬುದು ಗಮನಾರ್ಹ. ಒಂದೇ ತೋಟ ಉತ್ತಮವಾದರೆ ಊರಿನ ಹೆಸರು ಉಳಿಯದೆಂದು ತಿಳಿದು ನೆರೆಹೊರೆಯ ಬೆಳೆಗಾರರನ್ನು ಒಂದುಗೂಡಿಸಿದನು. ಫ್ರಾನ್ಸಿನಲ್ಲಿ 1935ರಲ್ಲಿ ಒಂದು ಕಾನೂನು ಬಂದಿತ್ತು. ಒಂದು ಊರಿನ ಹೆಸರನ್ನು ಸೀಸೆಯ ಮೇಲೆ ಬರೆಯಬೇಕಾದರೆ ದ್ರಾಕ್ಷಿ ಆ ಊರಿನದೇ ಆಗಿರಬೇಕು, ತಳಿ, ಇಳುವರಿ, ವಿಧಾನ ಎಲ್ಲವೂ ನಿಯಮಕ್ಕೆ ಒಳಪಟ್ಟಿರಬೇಕು. ಆ ಮಾನ್ಯತೆ ಬಾಂದೋಲಿಗೆ 1941ರಲ್ಲಿ ದೊರೆಯಿತು. ನಿಯಮದಲ್ಲಿ ಮೂರ್ವೆದ್ರದ ಪಾಲನ್ನು ಮೊದಲು ಅಲ್ಪವಾಗಿಟ್ಟು, ಬೆಳೆಗಾರರು ಹೊಸ ಬಳ್ಳಿ ನೆಡಲು ಅವಕಾಶವಾಗುವಂತೆ ಹಂತಹಂತವಾಗಿ ಏರಿಸಿದರು. ಇಂದು ಬಾಂದೋಲ್ ಕೆಂಪು ದ್ರಾಕ್ಷಾರಸದಲ್ಲಿ ಕನಿಷ್ಠ ಅರ್ಧದಷ್ಟು ಮೂರ್ವೆದ್ರ ಇರಲೇಬೇಕು. ಉಳಿದದ್ದು ಮುಖ್ಯವಾಗಿ ಗ್ರನಾಶ್ ಮತ್ತು ಸಾಂಸೋ. ಬಡ ಬೆಳೆಗಾರನನ್ನು ಹೊರಗಟ್ಟದೆ ಮಟ್ಟವನ್ನು ಏರಿಸಿದ ಈ ಕ್ರಮದಲ್ಲಿ ವಿವೇಕವೂ ದಯೆಯೂ ಕೂಡಿವೆ.

ಒಂದು ಬಳ್ಳಿ, ಒಂದು ಸೀಸೆ

ತೋಟದ ಮೊದಲ ಗುಲಾಬಿ ಬಣ್ಣದ ದ್ರಾಕ್ಷಾರಸ 1943ರಲ್ಲಿ ಸೀಸೆಗೆ ಇಳಿಯಿತು. ಮೊದಲ ಕೆಂಪು ದ್ರಾಕ್ಷಾರಸಕ್ಕೆ 1951ರವರೆಗೆ ಕಾಯಬೇಕಾಯಿತು. ಈ ಅಂತರವನ್ನು ಅರ್ಥಮಾಡಿಕೊಳ್ಳಲು ಕೆಂಪು ದ್ರಾಕ್ಷಾರಸ ಹೇಗೆ ಆಗುತ್ತದೆಂಬುದನ್ನು ಸಂಕ್ಷೇಪವಾಗಿ ನೋಡಬೇಕು.

ಕಪ್ಪು ದ್ರಾಕ್ಷಿಯ ತಿರುಳು ಸಾಮಾನ್ಯವಾಗಿ ಬಿಳಿಯದೇ, ಬಣ್ಣವಿರುವುದು ಸಿಪ್ಪೆಯಲ್ಲಿ. ಹಣ್ಣನ್ನು ಜಜ್ಜಿದ ಕೂಡಲೆ ಸಿಪ್ಪೆಯನ್ನು ಬೇರ್ಪಡಿಸಿದರೆ ರಸ ತೆಳುಬಣ್ಣದ್ದಾಗುತ್ತದೆ. ಸಿಪ್ಪೆಯ ಸಮೇತ ವಾರಗಟ್ಟಲೆ ಹುದುಗಲು ಬಿಟ್ಟರೆ ಬಣ್ಣವೂ ಒಗರೂ ಇಳಿದು ಕೆಂಪಾಗುತ್ತದೆ. ಸಿಪ್ಪೆಯ ಮೇಲೆಯೂ ನೆಲಮಾಳಿಗೆಯ ಗಾಳಿಯಲ್ಲಿಯೂ ಇರುವ ಕಿಣ್ವಜೀವಿಗಳು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತವೆ. ಇದನ್ನು ವೈಜ್ಞಾನಿಕವಾಗಿ ತೋರಿಸಿಕೊಟ್ಟವರು 19ನೆಯ ಶತಮಾನದ ಲೂಯಿ ಪಾಶ್ಚರ್. ತಾಂಪಿಯೆ ತೋಟದಲ್ಲಿ ಹೊರಗಿನಿಂದ ಕಿಣ್ವವನ್ನು ಬೆರೆಸದೆ ಹಣ್ಣಿನೊಡನೆ ಬಂದದ್ದನ್ನೇ ನೆಚ್ಚುತ್ತಾರೆ. ಆಮೇಲೆ ರಸವು ದೊಡ್ಡ ಓಕ್ ಮರದ ಪೀಪಾಯಿಗಳಿಗೆ ಹೋಗುತ್ತದೆ. ಬಾಂದೋಲಿನ ನಿಯಮದ ಪ್ರಕಾರ ಕೆಂಪು ದ್ರಾಕ್ಷಾರಸವು ಕನಿಷ್ಠ 18 ತಿಂಗಳು ಮರದಲ್ಲಿ ಇರಲೇಬೇಕು. ದ್ರಾಕ್ಷಿಯನ್ನು ಯಂತ್ರದಿಂದ ಕೊಯ್ಯುವಂತಿಲ್ಲ. ಒಂದು ಹೆಕ್ಟೇರಿಗೆ ನಿಗದಿಯಾದ ಇಳುವರಿ 4,000 ಲೀಟರ್. ಹೆಕ್ಟೇರಿಗೆ ಐದು ಸಾವಿರದಷ್ಟು ಬಳ್ಳಿಗಳೆಂದು ಲೆಕ್ಕ ಹಿಡಿದರೆ, ಒಂದು ಬಳ್ಳಿಯ ಇಡೀ ವರ್ಷದ ದುಡಿಮೆ ಹೆಚ್ಚುಕಡಿಮೆ ಒಂದೇ ಸೀಸೆ. ಆ ಸೀಸೆಯೂ ಕೂಡಲೇ ಕುಡಿಯುವಂಥದ್ದಲ್ಲ, ಹತ್ತು ವರ್ಷ ಕತ್ತಲಲ್ಲಿ ಮಲಗಿದರೆ ಅದರ ಒಗರು ಕರಗಿ, ಕಾಡುಗಿಡಗಳ, ಚರ್ಮದ, ಕಪ್ಪು ಹಣ್ಣುಗಳ ಪರಿಮಳ ಹೊರಬರುತ್ತದೆಂದು ಬಲ್ಲವರು ಹೇಳುತ್ತಾರೆ.

ಕುಟುಂಬದ ಬಳ್ಳಿಗಳೆಲ್ಲ ಒಂದೇ ಕಡೆ ಇಲ್ಲ. ಬೆಟ್ಟದ ಮೇಲಿನ ಲಾ ಮಿಗುವಾ, ಇಳಿಜಾರಿನ ಲಾ ತುರ್ತೀನ್, ಅದರ ಕೆಳಗೆ ಗಾಳಿಯಿಂದ ಮರೆಯಾದ ಕಬಸ್ಸಾವು, ಹೀಗೆ ಬೇರೆ ಬೇರೆ ತುಂಡುಗಳಲ್ಲಿ ಹಂಚಿಹೋಗಿವೆ. ಅಣ್ಣತಮ್ಮಂದಿರ ಸ್ವಭಾವದಂತೆ ಒಂದೊಂದರ ರಸವೂ ಭಿನ್ನ. ಅವನ್ನು ಪ್ರತ್ಯೇಕ ಹೆಸರುಗಳಲ್ಲಿಯೇ ಸೀಸೆಗೆ ತುಂಬುತ್ತಾರೆ. ಮುಂದೆ ಏಳು ಮಕ್ಕಳಲ್ಲಿ ಇಬ್ಬರು ತಂದೆಯ ಕೆಲಸವನ್ನು ಕೈಗೆತ್ತಿಕೊಂಡರು. ಫ್ರಾನ್ಸ್ವಾ ತೋಟವನ್ನು ನೋಡಿಕೊಂಡರೆ, ಜಾನ್-ಮಾರಿ ನೆಲಮಾಳಿಗೆಯನ್ನು ವಹಿಸಿಕೊಂಡನು.

ಲುಲುವಿನ ಮೇಜು

ಲೂಸಿಯೆನ್ ಬಳ್ಳಿಯನ್ನು ನೆಟ್ಟನು ನಿಜ, ಆದರೆ ಜನರನ್ನು ಆ ಮನೆಗೆ ಕರೆತಂದದ್ದು ಲುಲುವಿನ ಅಡುಗೆ. ದೂರದಿಂದ ಬಂದ ವ್ಯಾಪಾರಿಗಳಿಗೆ ಆಕೆ ದ್ರಾಕ್ಷಾರಸವನ್ನು ಬರಿದೆ ರುಚಿ ನೋಡಲು ಕೊಟ್ಟು ಕಳುಹಿಸುತ್ತಿರಲಿಲ್ಲ. ಮರದ ಕೆಳಗೆ ಉದ್ದನೆಯ ಮೇಜು ಹಾಕಿಸಿ, ಸಮುದ್ರದ ಮೀನು, ಬೆಳ್ಳುಳ್ಳಿ, ಆಲಿವ್ ಎಣ್ಣೆ, ತೋಟದ ತರಕಾರಿಗಳಿಂದ ಊಟ ಸಿದ್ಧಪಡಿಸಿ, ಮನೆಮಂದಿಯ ನಡುವೆಯೇ ಕೂರಿಸುತ್ತಿದ್ದಳು. ಅಮೆರಿಕದ ಬರಹಗಾರ ರಿಚರ್ಡ್ ಓಲ್ನಿ ಆ ಮನೆಯ ನಿತ್ಯದ ಅತಿಥಿಯಾಗಿ, 1994ರಲ್ಲಿ ಆಕೆಯ ಅಡುಗೆಯನ್ನೇ ವಿಷಯವಾಗಿಟ್ಟುಕೊಂಡು ಪುಸ್ತಕವೊಂದನ್ನು ಪ್ರಕಟಿಸಿದರು. ಆ ದ್ರಾಕ್ಷಾರಸದ ಕೀರ್ತಿ ಸಾಗರದಾಚೆಗೆ ಹೋದದ್ದು ಜಾಹೀರಾತಿನಿಂದಲ್ಲ, ಈ ಮೇಜಿನಿಂದ.

ಲೂಸಿಯೆನ್ 1996ರಲ್ಲಿ ತೀರಿಕೊಂಡನು. ಲುಲು 2020ರ ಅಕ್ಟೋಬರಿನಲ್ಲಿ, 102ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದಳು. ತೋಟದ ಮೊದಲ ಕೆಂಪು ಸೀಸೆಯನ್ನು ಕಂಡ ಕಣ್ಣುಗಳು ಸುಮಾರು ಎಪ್ಪತ್ತು ಕೊಯ್ಲುಗಳನ್ನು ಕಂಡವು.

ಹಂಚುವುದೂ ಉಳಿಸುವುದೂ

ಇಲ್ಲಿ ಪಿತ್ರಾರ್ಜಿತದ ಪ್ರಶ್ನೆ ಎದುರಾಗುತ್ತದೆ. ನೆಪೋಲಿಯನ್ ಕಾಲದ 1804ರ ನಾಗರಿಕ ಸಂಹಿತೆಯ ಕಾಲದಿಂದ ಫ್ರಾನ್ಸಿನಲ್ಲಿ ತಂದೆತಾಯಿಗಳು ಮಕ್ಕಳಿಗೆ ಆಸ್ತಿಯನ್ನು ತಪ್ಪಿಸುವಂತಿಲ್ಲ, ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲರಿಗೂ ಪಾಲು ಸಲ್ಲಬೇಕು. ನ್ಯಾಯದ ದೃಷ್ಟಿಯಿಂದ ಇದು ಶ್ಲಾಘ್ಯವೇ. ಆದರೆ ನ್ಯಾಯವಾದ ಹಂಚಿಕೆಯೂ ತೋಟವನ್ನು ಚೂರುಚೂರು ಮಾಡಬಲ್ಲುದು. ಬರ್ಗಂಡಿ ಪ್ರಾಂತದ ಕ್ಲೋ ದ ವೂಜೋ ಎಂಬ ಪ್ರಸಿದ್ಧ ತೋಟವನ್ನು 12ನೆಯ ಶತಮಾನದಿಂದ ಸಿಸ್ಟರ್ಸಿಯನ್ ಸಂನ್ಯಾಸಿಗಳು ಕಟ್ಟಿ ಬೆಳೆಸಿದರು. ಸುತ್ತಲೂ ಗೋಡೆಯಿರುವ ಸುಮಾರು 50 ಹೆಕ್ಟೇರ್ ನೆಲ ಅದು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮುಟ್ಟುಗೋಲಾಗಿ, ತರುವಾಯ ಮಾರಾಟ ಮತ್ತು ಹಂಚಿಕೆಗಳಿಗೆ ಸಿಕ್ಕಿ, ಇಂದು ಆ ಗೋಡೆಯ ಒಳಗೆ ಸುಮಾರು ಎಂಬತ್ತು ಮಂದಿ ಒಡೆಯರಿದ್ದಾರೆ. ಕೆಲವರ ಪಾಲಿಗೆ ಬಂದದ್ದು ಕೆಲವೇ ಸಾಲು ಬಳ್ಳಿ.

ಏಳು ಮಕ್ಕಳಿದ್ದ ಪೆರೋ ಮನೆಗೆ ಇದೇ ಗತಿ ಬರಬಹುದಾಗಿತ್ತು. ಅದರಲ್ಲಿಯೂ ಬಾಂದೋಲ್ ಪ್ರವಾಸಿಗರ ಕರಾವಳಿ. ಸಮುದ್ರ ಕಾಣುವ ಬೆಟ್ಟದ ತುಂಡಿಗೆ ವಿಹಾರಗೃಹ ಕಟ್ಟುವವರು ಕೊಡುವ ಬೆಲೆಯ ಮುಂದೆ ಬಳ್ಳಿಯ ಆದಾಯ ಏನೂ ಅಲ್ಲ. ಆದರೂ ತೋಟ ತುಂಡಾಗಲಿಲ್ಲ. ಅಣ್ಣತಮ್ಮಂದಿರಿಗೆ ವಯಸ್ಸಾದಾಗ, 2000ದ ಹೊತ್ತಿಗೆ, ಕುಟುಂಬವು ಹೊರಗಿನ ಒಬ್ಬ ತಜ್ಞನನ್ನು ಕರೆತಂದು ತೋಟ ಮತ್ತು ನೆಲಮಾಳಿಗೆಯ ಹೊಣೆಯನ್ನು ಒಪ್ಪಿಸಿತು. ಒಡೆತನ ಮನೆಯಲ್ಲಿಯೇ ಉಳಿಯಿತು. ರಕ್ತಸಂಬಂಧಿಯೇ ದುಡಿಯಬೇಕೆಂಬ ಹಠವನ್ನು ಬಿಟ್ಟದ್ದರಿಂದಲೇ ಕುಟುಂಬದ ತೋಟ ಕುಟುಂಬದ್ದಾಗಿ ಉಳಿಯಿತೆಂದರೆ ವಿಚಿತ್ರವೆನಿಸಬಹುದು. ಆದರೆ ಲೂಸಿಯೆನ್ ತಾನೇ ಹೊರಗಿನಿಂದ ಬಂದವನಲ್ಲವೇ? ತಾಂಪಿಯೆ ಎಂಬ ಬೇರಿಗೆ ಪೆರೋ ಎಂಬ ಕಡ್ಡಿ ಕಸಿಯಾಗಿತ್ತು. ಹಣ್ಣು ಬಂದದ್ದು ಆ ಕಸಿಯಿಂದ.

ಪವಿತ್ರ ಗ್ರಂಥದಲ್ಲಿ ನಾಬೋತನ ದ್ರಾಕ್ಷಿತೋಟದ ಪ್ರಸಂಗವಿದೆ. ಇನ್ನೂ ಉತ್ತಮವಾದ ತೋಟವನ್ನೋ ತಕ್ಕ ಹಣವನ್ನೋ ಕೊಡುತ್ತೇನೆಂದು ಅರಸನಾದ ಅಹಾಬನು ಹೇಳಿದರೂ ಅವನು ಒಪ್ಪಲಿಲ್ಲ. ಪೂರ್ವಜರಿಂದ ಬಂದದ್ದು ಮಾರಾಟದ ವಸ್ತುವಲ್ಲವೆಂದು ನಿಂತು ಪ್ರಾಣವನ್ನೇ ತೆತ್ತನು. ಅಹಾಬನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ, ಆದರೆ ನಾಬೋತನು ಲೆಕ್ಕಕ್ಕೆ ಸಿಗದ ಒಂದನ್ನು ಕಾಯುತ್ತಿದ್ದನು. ಮಾರಬಾರದೆಂದು ಎಲ್ಲರಿಗೂ ಉಪದೇಶಿಸುವುದು ನನ್ನ ಉದ್ದೇಶವಲ್ಲ. ಮಗಳ ಚಿಕಿತ್ಸೆಗೋ ಮಗನ ಓದಿಗೋ ನೆಲವನ್ನು ಮಾರಿದ ತಂದೆ ಅಪರಾಧಿಯಲ್ಲ. ಆದರೆ ಮಾರುವುದಕ್ಕೆ ಅಥವಾ ಹಂಚುವುದಕ್ಕೆ ಮುಂಚೆ, ನಮ್ಮ ಕೈಯಲ್ಲಿರುವುದು ಏನೆಂಬುದನ್ನು ಒಮ್ಮೆಯಾದರೂ ಅರಿತಿರಬೇಕು.

ಮಿತಿಯ ಮಾತು

ದ್ರಾಕ್ಷಾರಸದ ಬಗ್ಗೆ ಇಷ್ಟು ಬರೆದ ಮೇಲೆ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಕರ್ತವ್ಯಲೋಪವಾದೀತು. ಕುಡಿತದಿಂದ ಒಡೆದ ಮನೆಗಳ ಬಾಗಿಲನ್ನು ತಟ್ಟಿ ಬಂದ ಯಾವ ಗುರುವೂ ಈ ವಿಷಯವನ್ನು ಹಗುರವಾಗಿ ಎತ್ತಲಾರನು. ಕೆಂಪು ದ್ರಾಕ್ಷಾರಸವು ಹೃದಯಕ್ಕೆ ಹಿತವೆಂಬ ಮಾತು 1990ರ ದಶಕದಲ್ಲಿ ಬಹಳ ಪ್ರಚಾರ ಪಡೆದಿತ್ತು. ಆರೋಗ್ಯದ ಮಟ್ಟಿಗೆ ಸಂಪೂರ್ಣ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಔಷಧವೆಂಬ ನೆಪದಿಂದ ಯಾರೂ ಕುಡಿಯಬೇಕಾಗಿಲ್ಲ.

ಪ್ಲೇಟೋ ತನ್ನ ‘ನಿಯಮಗಳು’ ಗ್ರಂಥದಲ್ಲಿ ಹದಿನೆಂಟು ತುಂಬದವರಿಗೆ ದ್ರಾಕ್ಷಾರಸವನ್ನು ಪೂರ್ಣವಾಗಿ ನಿಷೇಧಿಸಿ, ಮೂವತ್ತರವರೆಗೆ ಮಿತಿಯನ್ನು ವಿಧಿಸಿದನು. ಸಂತ ಥಾಮಸ್ ಅಕ್ವಿನಾಸರು ದ್ರಾಕ್ಷಾರಸವು ಸ್ವತಃ ಪಾಪವಸ್ತುವಲ್ಲವೆಂದು ಒಪ್ಪಿ, ಆದರೆ ಕುಡಿಯುವವನ ಸ್ಥಿತಿ, ಅವನು ಮಾಡಿದ ಹರಕೆ, ಅಳತೆ, ಇತರರಿಗೆ ಆಗುವ ಕೆಡುಕು ಇವುಗಳಿಂದ ಅದು ಅಧರ್ಮವಾಗಬಹುದೆಂದು ವಿವೇಚಿಸಿದರು. ಬಲಿಪೂಜೆಗೆ ಒದಗುವ ದ್ರಾಕ್ಷಾರಸವು ದ್ರಾಕ್ಷಿಯಿಂದಲೇ ಆದ, ಸಹಜವಾದ, ಕೆಡದ ರಸವಾಗಿರಬೇಕೆಂದು ಧರ್ಮಸಭೆಯ ಶಾಸನ ಹೇಳುತ್ತದೆ. ಕೆಂಪೋ ಬಿಳಿಯೋ ಎಂಬ ಕಟ್ಟಳೆ ಅದರಲ್ಲಿಲ್ಲ. ಅಲ್ಲಿಯೂ ಪಾತ್ರೆಗೆ ಬೀಳುವುದು ಕೆಲವೇ ಹನಿ. ತಾಂಪಿಯೆ ಮನೆಯಲ್ಲಿಯೂ ದ್ರಾಕ್ಷಾರಸ ಇದ್ದದ್ದು ಊಟದ ಮೇಜಿನ ಮೇಲೆ, ಹೆಂಡತಿ ಮಕ್ಕಳ ಕಣ್ಣೆದುರಿಗೆ. ಮನೆಯವರಿಂದ ಮರೆಮಾಚಿ ಕುಡಿಯುವವನ ಲೋಟಕ್ಕೂ ಆ ಲೋಟಕ್ಕೂ ಒಂದೇ ಹೆಸರನ್ನು ಕೊಡಲಾಗದು.

ನಮ್ಮ ನೆಲಮಾಳಿಗೆ

ಪ್ರಿಯ ಓದುಗರೇ, ನಮ್ಮಲ್ಲಿ ಎಷ್ಟೋ ಮಂದಿಗೆ ಆ ಸೀಸೆಯ ರುಚಿ ನೋಡುವ ಅವಕಾಶ ಬಾರದು, ಬರಬೇಕಾದ ಅಗತ್ಯವೂ ಇಲ್ಲ. ಆದರೆ ಮಾವ ಆಲ್ಫೋನ್ಸ್ ಮಾಡಿದ ಕೆಲಸ ನಮ್ಮೆಲ್ಲರ ಕೈಗೂ ನಿಲುಕುವಂಥದ್ದು. ಅವನು ತೋಟವನ್ನು 1940ರಲ್ಲಿ ಕೊಟ್ಟನು, ಅದಕ್ಕೆ ಮೊದಲೇ ಸಾಕ್ಷ್ಯವನ್ನು ಕೊಟ್ಟಿದ್ದನು. ಈ ನೆಲ ಒಂದು ಕಾಲದಲ್ಲಿ ಹೀಗಿತ್ತು ಎಂದು ಅಳಿಯನ ನಾಲಗೆಗೇ ತಿಳಿಸಿಬಿಟ್ಟನು. ಮುಂದಿನದನ್ನು ಅಳಿಯನ ವಿವೇಚನೆಗೆ ಬಿಟ್ಟನು.

ಮಕ್ಕಳಿಗೆ ಆಸ್ತಿಪತ್ರಗಳನ್ನು ಸಿದ್ಧಪಡಿಸುವ ನಾವು ಸಾಕ್ಷ್ಯವನ್ನು ಸಿದ್ಧಪಡಿಸಿದ್ದೇವೆಯೇ? ಅಜ್ಜನು ಬಾವಿ ತೋಡಿದ ವರ್ಷ, ಅಜ್ಜಿಯು ಹಸಿದವರಿಗೆ ಬಡಿಸುತ್ತಿದ್ದ ಅಳತೆ, ಸಂಜೆಯ ಪ್ರಾರ್ಥನೆಗೆ ಮನೆಯವರೆಲ್ಲ ಕೂಡುತ್ತಿದ್ದ ಹೊತ್ತು, ಎರಡು ಮನೆಗಳು ಜಗಳವನ್ನು ಮುಗಿಸಿ ಒಟ್ಟಿಗೆ ಉಂಡ ದಿನ, ಇವೆಲ್ಲ ನಮ್ಮ ನೆಲಮಾಳಿಗೆಯಲ್ಲಿ ಉಳಿದಿರುವ ಹಳೆಯ ಸೀಸೆಗಳು. ತೆರೆಯದೆ ಇಟ್ಟರೆ ಅವೂ ಒಂದು ದಿನ ಹುಳಿಯಾಗುತ್ತವೆ, ಇಲ್ಲವೇ ಯಾರಿಗೂ ತಿಳಿಯದಂತೆ ಒಡೆದುಹೋಗುತ್ತವೆ. ಮಗನೋ ಸೊಸೆಯೋ ಅಳಿಯನೋ ಊಟಕ್ಕೆ ಕುಳಿತ ಒಂದು ಭಾನುವಾರ ಅವುಗಳಲ್ಲಿ ಒಂದನ್ನಾದರೂ ತೆರೆಯಿರಿ. ಅದರಿಂದ ಯಾವ ಬಳ್ಳಿ ಮತ್ತೆ ಚಿಗುರೀತು ಎಂಬುದು ನಮಗೆ ತಿಳಿಯದು. ಆಲ್ಫೋನ್ಸನಿಗೂ ಆ ರಾತ್ರಿ ತಿಳಿದಿರಲಿಲ್ಲ.